ಸೊಳೆ ಭರಣಿಯ ಮೇಲಿದ್ದ ಒಂಬತ್ತು ಸಾವಿರ ಕ್ಯಾರೆಟ್: ಡೊಂಬಿವಿಲಿಯ ಒಂದು ಮಾಣಿಕ್ಯದ ಕೇಸು

ಕಲ್ಲಿನ ತೂಕ 1 ಕೆಜಿ 840 ಗ್ರಾಂ. ಬಣ್ಣ ಕಡುಕೆಂಪು, ನೆರಳಲ್ಲಿಟ್ರೆ ಹೆಚ್ಚುಕಡಿಮೆ ಕಪ್ಪೇ. ಆರು ಮುಖ ಉಂಟು, ಒಂದು ತುದಿ ಮುರಿದಿದೆ. ಹಕ್ಕುದಾರರು ನಾಲ್ಕು ಜನ. ಮೂರು ಜನ ಅಣ್ಣತಮ್ಮಂದಿರು ಮುಂಬೈಯಲ್ಲಿ, ದೊಡ್ಡವರದ್ದು ಡೊಂಬಿವಿಲಿ ಈಸ್ಟಲ್ಲಿ ಹೋಟೆಲು, ಉಳಿದಿಬ್ಬರು ಠಾಣೆ ಮತ್ತೆ ಮುಲುಂಡಿನಲ್ಲಿ. ಎಲ್ಲರಿಗಿಂತ ದೊಡ್ಡವರಾದ ಅಕ್ಕ ಊರಿನ ಮನೆಯಲ್ಲಿ, ಸುಳ್ಯ ತಾಲೂಕು. ಕಲ್ಲಿಗೆ ಹೇಳಿದ ರೇಟು ಮೊದಲು ನೂರು ಕೋಟಿ, ಆಮೇಲೆ ನಾನೂರು ಚಿಲ್ಲರೆ ಕೋಟಿ, ನನ್ನ ಹತ್ರ ಬರುವಷ್ಟರಲ್ಲಿ ಮನೆಯ ಹುಡುಗನ ಲೆಕ್ಕ ಇನ್ನೂ ಎಲ್ಲಿಗೋ ಹೋಗಿತ್ತು, ಅದನ್ನು ಕೆಳಗೆ ಹೇಳ್ತೇನೆ.

ನಾನು ಮುಂಬೈಯ ಝವೇರಿ ಬಜಾರಿನಲ್ಲಿ ಕಲರ್ ಸ್ಟೋನ್ ಲೈನಲ್ಲಿರುವವ, ಅಂಗಡಿಗೆ ಬಂದ ಮಾಲು ನೋಡಿ ಬೇರೆ ಬೇರೆ ಮಾಡಿ ಕೊಡುವುದು ಕೆಲಸ. ಊರಿನವ ಅಂತ ಗೊತ್ತಾದ್ರೆ ಜನ ಇಂಥ ಕಲ್ಲು ಹಿಡ್ಕೊಂಡು ಬರ್ತಾನೇ ಇರ್ತಾರೆ. ನರ್ಮದೆಯ ಕಲ್ಲು, ಒಡೆದ ಬಾಟಲಿಯ ಬುಡ, ಹಳೇ ಗಾಜಿನ ಕಾರ್ಖಾನೆಯ ಹಸಿರು ಗಟ್ಟಿ ಎಲ್ಲ ಬಂದಿದೆ. ಈ ಕೇಸು ಬೇರೆ ಯಾಕಂದ್ರೆ ಇದು ನಿಜವಾಗಿ ಮಾಣಿಕ್ಯದ ಜಾತಿಯದ್ದೇ, ಸುಳ್ಳು ಕಲ್ಲಲ್ಲ. ಕಲ್ಲು ಖರೇ ಇದ್ದೂ ಮನೆಯವರು ಹೇಗೆ ಸಿಕ್ಕಿಬೀಳ್ತಾರೆ ಅನ್ನುವುದಕ್ಕೆ ಇಷ್ಟು ಚಂದದ ಉದಾಹರಣೆ ನಾನು ಬೇರೆ ನೋಡಿಲ್ಲ. ಮನೆಯವರು ಹೆಸರು ಹಾಕ್ಬೇಡಿ, ಕಥೆ ಬರೀರಿ ಅಂದಿದ್ದಾರೆ.

ಅಜ್ಜನ ಕಾಲದಲ್ಲಿ ಅಡಿಕೆ ತೋಟದಲ್ಲಿ ಕೆರೆ ತೋಡುವಾಗ ಸಿಕ್ಕಿದ ಕಲ್ಲಂತೆ. ಅಲ್ಲಿಂದ ಅದು ಅಡುಗೆಕೋಣೆಯ ಹಿಂದೆ ಉಪ್ಪುಸೊಳೆ ಭರಣಿಯ ಮೇಲೆ ಭಾರಕ್ಕೆ ಕೂತಿತ್ತು. ಘಟ್ಟದ ಮೇಲಿನವರಿಗೆ ಗೊತ್ತಿರ್ಲಿಕ್ಕಿಲ್ಲ, ಹಲಸಿನ ಸೊಳೆ ಬಿಡಿಸಿ ಉಪ್ಪಿಗೆ ಹಾಕಿದ್ರೆ ಮೇಲೆ ತೇಲ್ಲಿಕ್ಕೆ ಬಿಡಬಾರದು, ಒತ್ತಿಹಿಡಿಯುವ ಹಾಗೆ ಒಂದು ಕಲ್ಲು ಬೇಕು, ಅದೂ ಭರಣಿಯ ಬಾಯೊಳಗೆ ಹೋಗ್ಬೇಕು, ಅಂದ್ರೆ ನೋಡ್ಲಿಕ್ಕೆ ಸಣ್ಣ, ತೂಕ ಜಾಸ್ತಿ ಇರುವ ಕಲ್ಲು ಬೇಕು. ಅಜ್ಜಿಗೆ ಈ ಕಲ್ಲು ಇಷ್ಟ ಆದದ್ದು ಅದಕ್ಕೇ. ಮನೆಯಲ್ಲಿ ಯಾರೂ ಅದನ್ನು ಹರಳು ಅಂತ ಕರೆದದ್ದಿಲ್ಲ, ಭಾರದ ಕಲ್ಲು ಅಷ್ಟೇ.

2021ರ ಜುಲೈಯಲ್ಲಿ ಶ್ರೀಲಂಕಾದ ರತ್ನಪುರದ ಸುದ್ದಿ ಎಲ್ಲ ಕಡೆ ಬಂತಲ್ಲ, ಮನೆಯ ಹಿತ್ತಿಲಲ್ಲಿ ಬಾವಿ ತೋಡುವಾಗ 510 ಕೆಜಿಯ ನೀಲದ ಗೊಂಚಲು ಸಿಕ್ಕಿತು, 25 ಲಕ್ಷ ಕ್ಯಾರೆಟ್, 10 ಕೋಟಿ ಡಾಲರ್ ಬೆಲೆ ಅಂತ. ದೊಡ್ಡಣ್ಣನ ಮಗ, ಅದೇ ಹುಡುಗ, ಆ ಕ್ಲಿಪ್ಪನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ "ನಮ್ಮ ಕೆರೆ ಕಲ್ಲು" ಅಂತ ಬರೆದಿದ್ದ, ಆಗ ಎಲ್ಲರೂ ನಗಾಡಿ ಬಿಟ್ಟರು. ಕೆಲವು ವರ್ಷ ಕಳೆದು ಅಮ್ಮ ತೀರಿಕೊಂಡ ಮೇಲೆ ಪಾಲಿನ ಮಾತು ಎದ್ದಾಗ ಯಾರೂ ನಗ್ಲಿಲ್ಲ. ನಡುವಿನ ತಮ್ಮ ಊರಿಗೆ ಹೋದವರು ಕಲ್ಲನ್ನು ಬೈರಾಸಿನಲ್ಲಿ ಸುತ್ತಿ ಸ್ಟೀಲಿನ ಡಬ್ಬದಲ್ಲಿಟ್ಟು ರೈಲಲ್ಲಿ ತಂದೇಬಿಟ್ಟರು. ಅಕ್ಕನಿಗೆ "ಪರೀಕ್ಷೆ ಮಾಡಿಸಿ ತರ್ತೇನೆ" ಅಂತ ಹೇಳಿದ್ದಂತೆ.

ಮುಂಬೈಯಲ್ಲಿ ಕಲ್ಲು ಬಂದ ಸುದ್ದಿ ಕಲ್ಲಿಗಿಂತ ಬೇಗ ತಲುಪ್ತದೆ. ಹೋಟೆಲಿಗೆ ಚಾಕ್ಕೆ ಬರುವ ಒಬ್ಬರ ಪರಿಚಯದಿಂದ ಒಬ್ಬ ದಲಾಲ ಬಂದ. ಮಾತು ನೈಸು, ಕೈಯಲ್ಲಿ ಲೂಪು (ಹರಳು ನೋಡುವ ಸಣ್ಣ ಭೂತಕನ್ನಡಿ), ಮೊಬೈಲಿನಲ್ಲಿ ದುಬೈ ಪಾರ್ಟಿಯ ವಾಯ್ಸ್ ಮೆಸೇಜು. ಕಲ್ಲಿಗೆ ಟಾರ್ಚ್ ಹಿಡಿದು ಬಿರುಕಿನೊಳಗಿದ್ದ ಬಿಳಿ ಎಳೆ ತೋರಿಸಿ "ಇದು ಸಿಲ್ಕ್, ಕ್ಯಾಬ್ ಹೊಡೆಸಿದ್ರೆ ಆರು ಕಾಲಿನ ಸ್ಟಾರ್ ಬರ್ತದೆ, ಸ್ಟಾರ್ ರೂಬಿಗೆ ಎಂಥ ರೇಟು ಅಂತ ನೀವೇ ನೋಡಿ" ಅಂದ. ಕ್ಯಾಬ್ ಅಂದ್ರೆ ಗುಮ್ಮಟದ ಹಾಗೆ ಉರುಟಾಗಿ ಕಡಿದ ಕಲ್ಲು, ಸ್ಟಾರ್ ಅಂದ್ರೆ ಬೆಳಕು ಬಿದ್ದಾಗ ಅದರ ಮೇಲೆ ಕಾಣುವ ನಕ್ಷತ್ರ. ಸರ್ಟಿಫಿಕೇಟು, ವ್ಯಾಲ್ಯುವೇಶನ್, ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಎಲ್ಲ ಸೇರಿ ಮೂರೂವರೆ ಲಕ್ಷ ಖರ್ಚು, ಅದನ್ನು ಮನೆಯವರು ಹಾಕ್ಬೇಕು, ಮಾರಾಟ ಆದ್ಮೇಲೆ ಅವನಿಗೆ ಎರಡು ಪರ್ಸೆಂಟ್. ನಡುವಿನವರು ದೊಡ್ಡಣ್ಣನಿಗೆ ಹೇಳದೆ ಐವತ್ತು ಸಾವಿರ ಟೋಕನ್ ಕೊಟ್ರು. ವಾರದೊಳಗೆ ಹೊಲೋಗ್ರಾಮ್ ಅಂಟಿಸಿದ, ಲ್ಯಾಮಿನೇಶನ್ ಮಾಡಿದ ಒಂದು ಕಾಗದ ಬಂತು. ನ್ಯಾಚುರಲ್ ರೂಬಿ, 9,200 ಕ್ಯಾರೆಟ್, ಅಂದಾಜು ಮೌಲ್ಯ 412 ಕೋಟಿ ರೂಪಾಯಿ.

ಕ್ಯಾರೆಟ್ ಲೆಕ್ಕ ಸರಿಯೇ ಇತ್ತು. ಒಂದು ಗ್ರಾಮಿಗೆ ಐದು ಕ್ಯಾರೆಟ್, 1,840ಕ್ಕೆ 9,200. ಹುಡುಗ ಇಂಜಿನಿಯರಿಂಗ್ ಓದುವವ, ಅವ ಅಲ್ಲಿಗೇ ನಿಲ್ಲಿಸ್ಲಿಲ್ಲ. 2023ರ ಜೂನಲ್ಲಿ ನ್ಯೂಯಾರ್ಕಿನ ಸಾಥಬೀಸ್ ಹರಾಜಿನಲ್ಲಿ ಎಸ್ತ್ರೆಲಾ ದೆ ಫುರಾ ಅನ್ನುವ ಮೊಜಾಂಬಿಕಿನ ಮಾಣಿಕ್ಯ, 55.22 ಕ್ಯಾರೆಟ್, 3.48 ಕೋಟಿ ಡಾಲರಿಗೆ ಹೋಯ್ತು, ಅಂದ್ರೆ ಕ್ಯಾರೆಟ್ಟಿಗೆ ಆರು ಲಕ್ಷ ಡಾಲರಿಗೂ ಮೇಲೆ. ಅದನ್ನು 9,200ಕ್ಕೆ ಗುಣಿಸಿ ರೂಪಾಯಿಗೆ ತಿರುಗಿಸಿ ನಲವತ್ತೆಂಟು ಸಾವಿರ ಕೋಟಿ ಅಂತ ತಂದಿಟ್ಟ. ದೊಡ್ಡಣ್ಣ ನನ್ನನ್ನು ಹುಡುಕಿಕೊಂಡು ಬಂದದ್ದು ಈ ಲೆಕ್ಕ ನೋಡಿ ಹೆದರಿ. "412 ಕೋಟಿ ಅಂದಾಗ ನಂಬಿಕೆ ಬಂದಿತ್ತು ಮಾರಾಯ್ರೆ, ಇವ ಇಷ್ಟು ಹೇಳಿದ ಮೇಲೆ ಎಲ್ಲಿಯೋ ಮಿಸ್ಟೇಕ್ ಉಂಟು ಅಂತ ಅನಿಸಿತು" ಅಂದ್ರು. ಹೋಟೆಲು ನಡೆಸುವವರಿಗೆ ಬಿಲ್ಲು ಓದ್ಲಿಕ್ಕೆ ಬರ್ತದೆ ನೋಡಿ.

ನಾನು ಮೊದಲು ಓದಿದ್ದು ಕಾಗದವನ್ನು, ಕಲ್ಲನ್ನು ಆಮೇಲೆ. ಕಾಗದದಲ್ಲಿ ರಿಫ್ರಾಕ್ಟಿವ್ ಇಂಡೆಕ್ಸ್, ಅಂದ್ರೆ ಕಲ್ಲಿನೊಳಗೆ ಬೆಳಕು ಎಷ್ಟು ಬಾಗ್ತದೆ ಅನ್ನುವ ಅಳತೆ, 1.762 ರಿಂದ 1.770 ಅಂತ ಪ್ರಿಂಟ್ ಆಗಿತ್ತು. ಮಾಣಿಕ್ಯಕ್ಕೆ ಅದು ಸರಿಯಾದ ನಂಬರೇ, ಯಾವ ಪುಸ್ತಕ ತೆಗೆದ್ರೂ ಸಿಗ್ತದೆ. ಆದ್ರೆ ಆ ರೀಡಿಂಗ್ ತೆಗೀಲಿಕ್ಕೆ ಪಾಲಿಶ್ ಆದ ಒಂದು ಸಪಾಟು ಮುಖ ಬೇಕು, ಅದನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಲಿಕ್ವಿಡ್ ಹಾಕಿ ಕೂರಿಸ್ಬೇಕು. ಈ ಕಲ್ಲಿಗೆ ಪಾಲಿಶಿನ ಸುದ್ದಿಯೇ ಇಲ್ಲ, ಎಲ್ಲ ಕಡೆ ದೊರಗು, ಸುಮಾರು ಎರಡು ಕೆಜಿ ಬೇರೆ. ಅಂದ್ರೆ ಯಾರೂ ಅಳತೆ ಮಾಡಿಲ್ಲ, ನೋಡಿ ಬರೆದದ್ದು. ಎರಡನೇದು, ಬೆಲೆ. ಒಳ್ಳೆ ಲ್ಯಾಬಿನ ರಿಪೋರ್ಟಿನಲ್ಲಿ ಕಲ್ಲು ಯಾವ ಜಾತಿ, ತೂಕ ಎಷ್ಟು, ಅಳತೆ ಎಷ್ಟು, ಹೀಟ್ ಮಾಡಿದ್ದಾ, ಗ್ಲಾಸ್ ತುಂಬಿಸಿದ್ದಾ ಇದೆಲ್ಲ ಇರ್ತದೆ, ಬೆಲೆಯ ಕಾಲಮ್ಮೇ ಇರುವುದಿಲ್ಲ. ಕೆಳಗೆ ಗವರ್ನಮೆಂಟ್ ಅಪ್ರೂವ್ಡ್ ವ್ಯಾಲ್ಯುವರ್ ಅಂತ ಒಂದು ಸೀಲ್ ಒತ್ತಿದ್ರು. ಅಂಥ ವ್ಯಾಲ್ಯುವರ್ಸ್ ಇರುವುದು ಹೌದು, ಸರಕಾರದಲ್ಲಿ ರಿಜಿಸ್ಟ್ರೇಶನ್ ಆದವರು, ಚಿನ್ನ-ಒಡವೆಗೆ ಟ್ಯಾಕ್ಸಿನ ಲೆಕ್ಕಕ್ಕೆ ಬೆಲೆ ಕಟ್ಟಿ ಕೊಡ್ತಾರೆ. ಆದ್ರೆ ವ್ಯಾಲ್ಯುವರ್ ಬರೆದ ರೇಟಿಗೆ ಆ ವ್ಯಾಲ್ಯುವರೇ ಕಲ್ಲು ತಗೊಳ್ತಾನಾ ಅಂತ ಕೇಳಿದ್ರೆ ಇಡೀ ಬಜಾರಿನಲ್ಲಿ ಒಬ್ಬನೂ ಹೂಂ ಅನ್ನುವುದಿಲ್ಲ.

ಈಗ ಕಲ್ಲಿಗೆ ಬರುವ. ಟಾರ್ಚಲ್ಲಿ ಕಂಡ ಬಿಳಿ ಎಳೆ ನೋಡಿದಾಗ ನನಗೂ ಒಂದು ಕ್ಷಣ ಕುತೂಹಲ ಆಯ್ತು, ಯಾಕಂದ್ರೆ ಸ್ಟಾರ್ ಬರುವುದು ನಿಜವಾಗಿ ರುಟೈಲ್ ಅನ್ನುವ ಖನಿಜದ ಸೂಜಿಗಳಿಂದ, ಅದಕ್ಕೇ ಸಿಲ್ಕ್ ಅನ್ನುವುದು, ಮತ್ತೆ ನಮ್ಮ ಕರ್ನಾಟಕದ ಮಾಲಿನಲ್ಲಿ ಸ್ಟಾರ್ ಬರುವ ಕಲ್ಲು ಬೇಕಾದಷ್ಟು ಉಂಟು. ಆದ್ರೆ ಸಿಲ್ಕ್ ಕಲ್ಲಿನ ಒಳಗೆ ಇರ್ತದೆ, ಮೂರು ದಿಕ್ಕಿಗೆ ಲೆಕ್ಕಾಚಾರದಲ್ಲಿ ಓಡ್ತದೆ. ಇದು ಬಿರುಕು ಹೋದ ಕಡೆಯೆಲ್ಲ ಹೋಗಿತ್ತು, ಉಗುರಿನಲ್ಲಿ ಕೆರೆದ್ರೆ ಪುಡಿ ಬರ್ತಿತ್ತು. ದೊಡ್ಡಣ್ಣನ ಹತ್ರ ಕಲ್ಲು ಮನೆಯಲ್ಲಿ ಎಲ್ಲಿತ್ತು ಅಂತ ಕೇಳಿದೆ. ಭರಣಿಯ ಕಥೆ ಹೊರಗೆ ಬಂದದ್ದು ಆವಾಗ. ಬಿಸಿನೀರಿನ ಬಕೆಟಿನಲ್ಲಿ ರಾತ್ರಿ ಪೂರ್ತಿ ಮುಳುಗಿಸಿಟ್ವಿ, ಬೆಳಿಗ್ಗೆ ಅರ್ಧಕ್ಕರ್ಧ ಸಿಲ್ಕ್ ಮಾಯ, ಬಕೆಟಿನ ನೀರು ನಾಲಗೆಗೆ ಉಪ್ಪುಪ್ಪು. ಮೂರು ತಲೆಮಾರಿನ ಸೊಳೆಯ ಉಪ್ಪು ಅದು.

ಆಮೇಲೆ ತೂಕದ ಪರೀಕ್ಷೆ. ಇದನ್ನು ಯಾರು ಬೇಕಾದ್ರೂ ಮನೆಯಲ್ಲಿ ಮಾಡ್ಬಹುದು, ದೊಡ್ಡ ಮಿಷಿನ್ ಎಂತ ಬೇಡ. ಬ್ಯಾಗ್ ತೂಗುವ ಲಗೇಜ್ ಸ್ಕೇಲಿಗೆ ನೈಲಾನ್ ದಾರ ಕಟ್ಟಿ ಕಲ್ಲನ್ನು ನೇತಾಡಿಸಿದ್ವಿ, ಗಾಳಿಯಲ್ಲಿ 1.84. ಹಾಗೇ ನೀರಿಗೆ ಇಳಿಸಿದ್ವಿ, ಬಕೆಟಿನ ತಳ ಬದಿ ಎಲ್ಲಿಯೂ ತಾಗದ ಹಾಗೆ. ಸ್ಕೇಲ್ 1.38ಕ್ಕೆ ಬಂದು ನಿಂತಿತು. ಕಡಿಮೆ ಆದದ್ದು 460 ಗ್ರಾಂ, ಅಂದ್ರೆ ಕಲ್ಲು ಅಷ್ಟೇ ಜಾಗದ ನೀರಿಗಿಂತ ಸರೀ ನಾಲ್ಕು ಪಟ್ಟು ಭಾರ. ಸಾದಾ ಗ್ರಾನೈಟಾದ್ರೆ 2.7ರ ಆಸುಪಾಸು ಬರ್ತಿತ್ತು, ಗಾಜಾದ್ರೆ ಹೆಚ್ಚಾಗಿ ಅದಕ್ಕಿಂತಲೂ ಕಡಿಮೆ. ನಾಲ್ಕು ಅಂದ್ರೆ ಕುರುಂದ, ಇಂಗ್ಲಿಷಿನವರ ಕೊರಂಡಮ್, ಮಾಣಿಕ್ಯ ಅಂದ್ರೆ ಅದರದ್ದೇ ಕೆಂಪು ಜಾತಿ. ಆದ್ರೆ ಗಡಿಬಿಡಿ ಮಾಡ್ಲಿಕ್ಕಿಲ್ಲ, ಕೆಂಪು ಗಾರ್ನೆಟ್ ಕೂಡ ನಾಲ್ಕರ ಹತ್ರವೇ ತೂಗ್ತದೆ, ಬಣ್ಣವೂ ಹೀಗೇ ಇರ್ತದೆ. ಅದಕ್ಕೆ ಲೈಟ್ ಆರಿಸಿ ಯುವಿ ಟಾರ್ಚ್ ಬಿಟ್ಟೆ. ಮುರಿದ ತುದಿಯ ಹತ್ರ ಮಂದವಾಗಿ ಕೆಂಡದ ಬಣ್ಣ ಎದ್ದಿತು, ಉಳಿದ ಕಡೆ ತೇಪೆ ತೇಪೆ. ಕ್ರೋಮಿಯಂ ಇದ್ರೆ ಮಾಣಿಕ್ಯ ಹೀಗೆ ಹೊಳೀತದೆ, ಕಬ್ಬಿಣದ ಅಂಶ ಹೆಚ್ಚಿದ್ದಷ್ಟು ಆ ಹೊಳಪನ್ನು ತಿಂದುಹಾಕ್ತದೆ, ಗಾರ್ನೆಟ್ ಆದ್ರೆ ಸತ್ತೇಹೋದ ಹಾಗೆ ಕೂತಿರ್ತದೆ. ಆರು ಮುಖ ಅಂತೂ ಇದ್ದೇ ಇತ್ತು. ಹುಡುಗ ಆ ಕತ್ತಲಲ್ಲಿ "ಹಾಗಾದ್ರೆ ರೂಬಿಯೇ ಅಲ್ವಾ ಅಂಕಲ್" ಅಂದ. ಹೌದು ಅಂದೆ. ಒಳ್ಳೆ ಲ್ಯಾಬಿನಲ್ಲಿ ಕೊಟ್ಟದ್ದಕ್ಕೂ ಅದೇ ಬಂತು, ನ್ಯಾಚುರಲ್ ಕೊರಂಡಮ್, ಪಾರದರ್ಶಕ ಅಲ್ಲ, ಬಿರುಕು ಮತ್ತೆ ಬೇರೆ ಖನಿಜ ತುಂಬಿದೆ.

ರೂಬಿ ಹೌದು ಅಂದ್ರೆ ಬೆಲೆ ಯಾಕಿಲ್ಲ? ಮನೆಯ ನಾಲ್ಕು ಜನರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ ಕೇಳಿದ್ದು ಇದನ್ನೇ. ಎಸ್ತ್ರೆಲಾ ದೆ ಫುರಾದ ರಫ್ ಕಲ್ಲು 101 ಕ್ಯಾರೆಟ್ ಇತ್ತು, ಇಪ್ಪತ್ತು ಗ್ರಾಂ, ಆದ್ರೆ ಅದರೊಳಗೆ ಬೆಳಕು ಹೋಗಿ ಕೆಂಪಾಗಿ ವಾಪಸ್ ಬರ್ತಿತ್ತು. ಅದನ್ನು ಕಡಿದ್ರೂ ಅರ್ಧಕ್ಕಿಂತ ಜಾಸ್ತಿ ಉಳೀತು. ನಮ್ಮ ಕಲ್ಲಿನಲ್ಲಿ ಬೆಳಕು ಮುರಿದ ತುದಿಯ ತೆಳು ಅಂಚಿನಲ್ಲಿ ಮಾತ್ರ ದಾಟ್ತದೆ, ಎರಡು ಮಿಲಿಮೀಟರ್ ಒಳಗೆ ಹೋದ್ರೆ ಕತ್ತಲು. ಇದನ್ನು ಕಡಿಯುವವ ಬಿರುಕಿಲ್ಲದ ತುಂಡು ಹುಡುಕಿ ಹುಡುಕಿ ಕೊನೆಗೆ ಒಂದಷ್ಟು ಸಣ್ಣ ಗುಂಡು ಕಲ್ಲು ತೆಗೀಬಹುದು, ಉಳಿದದ್ದು ಪುಡಿ. ಕ್ಯಾರೆಟ್ ಹೆಚ್ಚಾದಷ್ಟು ಕ್ಯಾರೆಟ್ಟಿನ ರೇಟು ಏರ್ತದೆ ಅನ್ನುವ ನಿಯಮ ಇರುವುದು ಕಡಿಯಬಹುದಾದ ಕಲ್ಲಿಗೆ. ಕಡಿಯಲಾಗದ ಕಲ್ಲಿನಲ್ಲಿ ಕ್ಯಾರೆಟ್ ಅನ್ನುವ ಅಳತೆಗೇ ಅರ್ಥ ಇಲ್ಲ, ಅದನ್ನು ಕೆಜಿಯಲ್ಲಿ ಮಾರುವುದು. ಇಂಥ ಮಾಲನ್ನು ಜೈಪುರದವರು ಗಣಪತಿ ಕೆತ್ತಲಿಕ್ಕೆ ತಗೊಳ್ತಾರೆ, ಇಲ್ಲಾಂದ್ರೆ ಒಡೆದು ಬಿರುಕಿಗೆ ಸೀಸದ ಗಾಜು ತುಂಬಿಸಿ ಗ್ಲಾಸ್ ಫಿಲ್ಡ್ ರೂಬಿ ಮಾಡ್ಲಿಕ್ಕೆ ಹೋಗ್ತದೆ. ಧನ್‌ಜಿ ಸ್ಟ್ರೀಟಿನಲ್ಲಿ ರಾಶಿ ರಾಶಿ ಸಿಗುವ ಗ್ಲಾಸ್ ಫಿಲ್ಡ್ ಹರಳು, ಲಿಂಬೆಹುಳಿ ರಸ ತಾಗಿದ್ರೆ ಗಾಜು ತಿಂದುಹೋಗ್ತದೆ, ಅದೇ ಜಾತಿ.

ಇಲ್ಲಿ ಇಂಗ್ಲೆಂಡಿನ ಒಂದು ಕಥೆ ಹೇಳಲೇಬೇಕು, ಯಾಕಂದ್ರೆ ತೂಕ ಕೂಡ ನಮ್ಮ ಕಲ್ಲಿಗೆ ಹತ್ತಿರ. ಜೆಮ್ ಆಫ್ ಟಾಂಜಾನಿಯಾ ಅಂತ ಒಂದು ಮಾಣಿಕ್ಯ, ಎರಡು ಕೆಜಿ ಚಿಲ್ಲರೆ. ಶ್ರಾಪ್‌ಶೈರಿನ ರೆಕಿನ್ ಕನ್‌ಸ್ಟ್ರಕ್ಷನ್ ಅನ್ನುವ ಕಟ್ಟಡ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಅದಕ್ಕೆ 1.1 ಕೋಟಿ ಪೌಂಡ್ ಅಂತ ಬರೆದಿದ್ರು, ಅಂದ್ರೆ ಕಂಪನಿಯ ಹತ್ರ ಆಸ್ತಿ ಉಂಟು ಅಂತ ತೋರಿಸ್ಲಿಕ್ಕೆ ಆ ಕಲ್ಲೇ ಆಧಾರ. 2009ರ ಮಾರ್ಚಲ್ಲಿ ಕಂಪನಿ ಮುಳುಗಿತು, ನೂರಾರು ಜನರ ಕೆಲಸ ಹೋಯ್ತು. ಮುಳುಗಿದ ಕಂಪನಿಯ ಸಾಮಾನು ಲೆಕ್ಕ ಹಾಕ್ಲಿಕ್ಕೆ ಬಂದವರು ವ್ಯಾಲ್ಯುವೇಶನ್ ಪೇಪರ್ ಹಿಡಿದು ವಿಚಾರಿಸಿದ್ರೆ, ಅದರಲ್ಲಿ ಹೆಸರಿದ್ದ ಇಟಲಿಯ ಸಂಸ್ಥೆ ಇದು ನಮ್ಮದಲ್ಲ, ನಕಲಿ ಅಂತು. ಕೊನೆಗೆ ಅದೇ ವರ್ಷ ಆ ಕಲ್ಲು ಮಾರಾಟ ಆದದ್ದು 8,010 ಪೌಂಡಿಗೆ. ನಾನು ಇದನ್ನು ಡೊಂಬಿವಿಲಿಯ ಹೋಟೆಲಿನ ಮಾಳಿಗೆಯಲ್ಲಿ ಕೂತು ಹೇಳಿದಾಗ ನಡುವಿನವರು ಎದ್ದು ಕಿಟಕಿ ಹತ್ರ ಹೋಗಿ ನಿಂತ್ರು, ದೊಡ್ಡಣ್ಣ ಮಾತ್ರ "ಎಂಟು ಸಾವಿರ ಪೌಂಡ್ ಅಂದ್ರೂ ಕಡಿಮೆ ಅಲ್ಲ ಅಲ್ವಾ" ಅಂತ ಕೇಳಿದ್ರು. ಆ ಎಂಟು ಸಾವಿರದಲ್ಲಿ ನ್ಯೂಸ್ ಪೇಪರಿನಲ್ಲಿ ಬಂದ ಹೆಸರಿಗೇ ಎಷ್ಟು ಹೋಗಿರ್ಬಹುದು ಅಂತ ನನಗೆ ಅನುಮಾನ.

ಹುಡುಗನಿಗೆ ಸಮಾಧಾನ ಆಗ್ಲಿಲ್ಲ, ಬ್ರೆಜಿಲಿನ ಬಹಿಯಾ ಪಚ್ಚೆ ಎಂತ ಹಾಗಾದ್ರೆ ಅಂತ ಕೇಳಿದ. 2001ರಲ್ಲಿ ಸಿಕ್ಕಿದ್ದು, ಮುನ್ನೂರು ಕೆಜಿಗೂ ಮೇಲೆ. ಅದಕ್ಕೆ ನೂರಾರು ಮಿಲಿಯನ್ ಡಾಲರ್ ಅಂತ ಬರೆದ ಪೇಪರ್ ಬೇಕಾದಷ್ಟು ಉಂಟು, ಒಮ್ಮೆ ಇ-ಬೇಯಲ್ಲಿ 7.5 ಕೋಟಿ ಡಾಲರಿಗೆ ಹಾಕಿದ್ರು ಕೂಡ. ಆ ದುಡ್ಡು ಕೊಟ್ಟವ ಯಾರೂ ಇಲ್ಲ. 2005ರ ಕತ್ರಿನಾ ಚಂಡಮಾರುತದ ನೆರೆಯಲ್ಲಿ ನ್ಯೂ ಆರ್ಲಿಯನ್ಸಿನ ತಿಜೋರಿಯೊಳಗೆ ಮುಳುಗಿತು, ಆಮೇಲೆ ಲಾಸ್ ಏಂಜಲೀಸಿನ ಪೊಲೀಸರ ಕಸ್ಟಡಿ, ಕೋರ್ಟು, ಒಬ್ಬೊಬ್ಬರೂ ನನ್ನದು ತನ್ನದು ಅಂತ ಕೇಸು. 2024ರ ನವೆಂಬರಲ್ಲಿ ಅಮೆರಿಕದ ಜಡ್ಜು ಬ್ರೆಜಿಲಿಗೆ ವಾಪಸ್ ಕೊಡಿ ಅಂದ್ರು. ಇಪ್ಪತ್ತಮೂರು ವರ್ಷದಲ್ಲಿ ಅದರಿಂದ ಸರಿಯಾಗಿ ದುಡಿದವರು ವಕೀಲರು ಮಾತ್ರ. ರತ್ನಪುರದ 10 ಕೋಟಿ ಡಾಲರ್ ಕೂಡ ಹಾಗೇ, ಅದು ಅಂದಾಜು ಮಾಡಿದವರು ಹೇಳಿದ ಮಾತು, ಕೊಂಡವರು ಎಣಿಸಿದ ದುಡ್ಡಲ್ಲ.

ಕೆಜಿ ಲೆಕ್ಕದ ಕಲ್ಲಿಗೆ ನಿಜವಾಗಿ ದುಡ್ಡು ಎಣಿಸಿದ ಕೇಸು ಇಲ್ಲ ಅಂತಲ್ಲ. ಟಾಂಜಾನಿಯಾದ ಸನಿನಿಯು ಲೈಜರ್ ಅನ್ನುವ ಗಣಿ ಕೆಲಸದವರು 2020ರ ಜೂನಲ್ಲಿ ಎರಡು ಟಾಂಜನೈಟ್, ಅಂದ್ರೆ ನೀಲಿ-ನೇರಳೆ ಹರಳು, ತಂದ್ರು, ಒಂದು ಒಂಬತ್ತು ಕೆಜಿಗೂ ಮೇಲೆ, ಇನ್ನೊಂದು ಐದಕ್ಕೂ ಮೇಲೆ. ಅಲ್ಲಿನ ಸರಕಾರವೇ 774 ಕೋಟಿ ಶಿಲ್ಲಿಂಗ್ ಚೆಕ್ ಕೊಟ್ಟು ತಗೊಂಡಿತು, ಡಾಲರಿಗೆ ತಿರುಗಿಸಿದ್ರೆ 34 ಲಕ್ಷ. ನಾನು ಹುಡುಗನ ಕೈಯಲ್ಲೇ ಭಾಗಾಕಾರ ಮಾಡಿಸಿದೆ. ಕ್ಯಾರೆಟ್ಟಿಗೆ ಐವತ್ತು ಡಾಲರ್ ಕೂಡ ಬೀಳುವುದಿಲ್ಲ. ಅದೂ ಜಗತ್ತಿನಲ್ಲಿ ಮಿರೆರಾನಿ ಬೆಟ್ಟ ಒಂದರಲ್ಲೇ ಸಿಗುವ ಕಲ್ಲು. ಅವ ಎಸ್ತ್ರೆಲಾದ ರೇಟನ್ನು ಎಲ್ಲಿಂದ ತಂದು ಎಲ್ಲಿಗೆ ಹಾಕಿದ ಅಂತ ಅವನಿಗೇ ಅರ್ಥ ಆದದ್ದು ಆ ಭಾಗಾಕಾರದಲ್ಲಿ, ನನ್ನ ಭಾಷಣದಲ್ಲಿ ಅಲ್ಲ.

ವಜ್ರದ ಮಾತು ಸ್ವಲ್ಪ ಬೇರೆ. ಅಲ್ಲಿ ದೊಡ್ಡ ಕಲ್ಲು ನಿಜವಾಗಿ ದೊಡ್ಡ ದುಡ್ಡು. 1905ರಲ್ಲಿ ಸಿಕ್ಕಿದ ಕಲ್ಲಿನನ್ ಅನ್ನುವ ವಜ್ರ 3,106 ಕ್ಯಾರೆಟ್, ಹಿಡಿದ್ರೆ 621 ಗ್ರಾಂ, ನಮ್ಮ ಭಾರದ ಕಲ್ಲಿನ ಮೂರರಲ್ಲೊಂದು ಪಾಲು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಡಿದು ಪಾಲಿಶ್ ಮಾಡಿ ಮುಗಿಯುವಾಗ ಉಳಿದದ್ದು ಸಾವಿರ ಚಿಲ್ಲರೆ ಕ್ಯಾರೆಟ್, ಉಳಿದ ಎರಡು ಪಾಲು ಹೋಯ್ತು. ಬೋಟ್ಸ್‌ವಾನಾದ ಕರೋವೆ ಗಣಿಯಲ್ಲಿ 2015ರಲ್ಲಿ ಸಿಕ್ಕಿದ ಲೆಸೆಡಿ ಲಾ ರೋನಾ 1,109 ಕ್ಯಾರೆಟ್. ಮಾರನೇ ವರ್ಷ ಲಂಡನ್ನಿನ ಹರಾಜಿನಲ್ಲಿ 6.1 ಕೋಟಿ ಡಾಲರ್ ತನಕ ಕೂಗಿದ್ರು, ಗಣಿಯವರಿಗೆ ಸಾಕಾಗ್ಲಿಲ್ಲ, ಕೊಡ್ಲಿಲ್ಲ. 2017ರಲ್ಲಿ ಗ್ರಾಫ್ ಅನ್ನುವ ವಜ್ರದ ಕಂಪನಿಗೆ ಕೊಟ್ಟದ್ದು 5.3 ಕೋಟಿಗೆ. ಅಂಥ ಕಲ್ಲಿಗೇ ಹೀಗೆ. ಅದೇ ಗಣಿಯಲ್ಲಿ 2024ರ ಆಗಸ್ಟಲ್ಲಿ 2,488 ಕ್ಯಾರೆಟ್ಟಿನದ್ದು ಸಿಕ್ಕಿತು, ಎಕ್ಸ್‌ರೇ ಹಾಕಿ ಕಲ್ಲು ಪುಡಿ ಆಗುವ ಮೊದಲೇ ವಜ್ರ ಹಿಡಿಯುವ ಮಿಷಿನ್ ಇಟ್ಟಿದ್ದಾರೆ ಅಲ್ಲಿ, ಮೊದಲೆಲ್ಲ ಎಷ್ಟು ದೊಡ್ಡ ವಜ್ರ ಕ್ರಷರಿಗೆ ಹೋಗಿ ಚೂರಾಗಿವೆಯೋ.

ಇನ್ನೊಂದು ವಿಷಯ ಮನೆಯವರು ಯೋಚನೆಯೇ ಮಾಡಿರ್ಲಿಲ್ಲ. ಸುಳ್ಯದ ಕಡೆ ಕೂಜಿಮಲೆ, ಸುಬ್ರಹ್ಮಣ್ಯದ ಕಾಡು ಅಂದ್ರೆ ಹರಳು ಕಲ್ಲಿನ ದಂಧೆ ಅಂತ ಊರಿಗೇ ಗೊತ್ತು, ರಾತ್ರಿ ಅಗೆದು ತಂದವರ ಮೇಲೆ ಅರಣ್ಯ ಇಲಾಖೆಯ ಕೇಸುಗಳು ಆಗಿವೆ. ಇವರದ್ದು ಸ್ವಂತ ತೋಟದ್ದು, ಅಜ್ಜನ ಕಾಲದ್ದು, ಆದ್ರೆ ಅದಕ್ಕೆ ಕಾಗದ ಎಲ್ಲಿದೆ? ಭಾರದ ಕಲ್ಲಾಗಿ ಇರುವಷ್ಟು ದಿನ ಯಾರೂ ಕೇಳುವುದಿಲ್ಲ. 412 ಕೋಟಿ ಅಂತ ಲ್ಯಾಮಿನೇಶನ್ ಮಾಡಿಸಿ ತಿರುಗಾಡಿದ್ರೆ ಮೊದಲ ಪ್ರಶ್ನೆಯೇ ಎಲ್ಲಿಂದ ತಂದ್ರಿ ಅಂತ ಬರ್ತದೆ. ನಾನು ಆ ಕಾಗದವನ್ನು ಹರಿದು ಹಾಕ್ಬೇಡಿ, ತೆಗೆದಿಡಿ, ಆದ್ರೆ ಯಾರಿಗೂ ತೋರಿಸ್ಬೇಡಿ ಅಂದೆ. ದುಡ್ಡು ವಾಪಸ್ ಕೇಳ್ಲಿಕ್ಕೆ ಅದೇ ಸಾಕ್ಷಿ ಅಲ್ವಾ.

ದುಡ್ಡು ಕೇಳುವ ಕೆಲಸ ದೊಡ್ಡಣ್ಣನೇ ವಹಿಸಿಕೊಂಡ್ರು. ದಲಾಲನನ್ನು ಹೋಟೆಲಿಗೆ ಕರೆಸಿ, ಚಾ ಕೊಟ್ಟು, ಲ್ಯಾಬ್ ರಿಪೋರ್ಟನ್ನೂ ಅವನ ಕಾಗದವನ್ನೂ ಪಕ್ಕಪಕ್ಕ ಇಟ್ಟು "ಇದರಲ್ಲಿ ಈ ನಂಬರ್ ಹೇಗೆ ಬಂತು" ಅಂತ ಇಂಡೆಕ್ಸಿನ ಸಾಲಿಗೆ ಬೆರಳಿಟ್ರಂತೆ. ಅವ ಮೊದಲು ದುಬೈ ಪಾರ್ಟಿ ಬೇಸರ ಮಾಡಿಕೊಳ್ತಾರೆ ಅಂದ, ಆಮೇಲೆ ಟೋಕನ್ ಮುಂದೆ ಹೋಗಿಯಾಗಿದೆ ಅಂದ, ಪೊಲೀಸ್ ಸ್ಟೇಷನ್ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಉಂಟು ಅಂತ ನೆನಪಿಸಿದ ಮೇಲೆ ಎರಡು ಕಂತಿನಲ್ಲಿ ಮೂವತ್ತೈದು ಸಾವಿರ ವಾಪಸ್ ಮಾಡಿದ.

ಜೈಪುರದ ಕೆತ್ತನೆಯವರಿಗೆ ಫೋಟೋ ಕಳಿಸಿದ್ದಕ್ಕೆ ಒಬ್ಬರು ಹದಿನೆಂಟು ಸಾವಿರ ಹೇಳಿದ್ರು. ನಾನು ನೋಡಿದ ಮಟ್ಟಿಗೆ ನ್ಯಾಯವಾದ ರೇಟು. ಮೂರು ಜನ ಅಣ್ಣತಮ್ಮಂದಿರು ಕೊಟ್ಟುಬಿಡುವ ಅಂದ್ರು, ನಾಲ್ಕು ಪಾಲಾದ್ರೆ ಒಬ್ಬೊಬ್ಬರಿಗೆ ನಾಲ್ಕೂವರೆ ಸಾವಿರ. ಫೋನಲ್ಲಿ ಅಕ್ಕ, "ನನ್ನ ಪಾಲಿನ ನಾಲ್ಕೂವರೆ ಬೇಡ, ನಿಮ್ಮ ಮೂರು ಜನರ ಪಾಲು ನಾನೇ ಕೊಡ್ತೇನೆ, ಕಲ್ಲು ಊರಿಗೆ ಕಳಿಸಿ" ಅಂದ್ರು. ದೊಡ್ಡಣ್ಣ ಒಪ್ಪಿದ್ರು, ಸಣ್ಣ ತಮ್ಮನೂ ಒಪ್ಪಿದ. ನಡುವಿನವರು ಮಾತ್ರ ಟೋಕನಿನಲ್ಲಿ ಬಾಕಿ ಉಳಿದ ಹದಿನೈದು ಸಾವಿರವನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿ ನಾಲ್ಕು ಪಾಲು ಮಾಡ್ಬೇಕು ಅಂತ ಕೂತಿದ್ದಾರೆ, ಆ ಮಾತು ಇನ್ನೂ ಮುಗಿದಿಲ್ಲ.